ಕಪ್ಪು ಕುಪ್ಯ, ಬಿಳಿ ಕುಪ್ಯ

ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪಿನಿಂದ ಈ ಲೇಖನ ಶುರು ಮಾಡುತ್ತೇನೆ.

ನಾನಿರುವ ತೋಲ್ಪೆಟ್ಟಿ ಕೇರಳದ ಕೊನೆಯ ಊರು. ಚೆಕ್‌ಪೋಸ್ಟ್ ದಾಟಿ ಸ್ವಲ್ಪ ಮುಂದೆ ಹೋದರೆ ಕೊಡಗಿನ ಕುಟ್ಟ. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಕೊಡವ ನೃತ್ಯ ಮಾಡಿಸಬೇಕಿತ್ತು. ಸ್ಟೇಜಿನ ಹಿಂದಿನ ಪರದೆ ಕಡು ನೀಲಿ. ಕಪ್ಪು ಕುಪ್ಯ ಎದ್ದು ಕಾಣುವುದಿಲ್ಲ ಎಂದುಕೊಂಡು ನಾನು, "ಎಲ್ಲರೂ ಬಿಳಿ ಕುಪ್ಯ ಹಾಕಿಕೊಂಡು ಬನ್ನಿ" ಎಂದುಬಿಟ್ಟೆ. ಮಾರನೆಯ ದಿನ ಒಬ್ಬ ಹುಡುಗನ ಅಜ್ಜ ಶಾಲೆಗೆ ಬಂದರು. ಸಿಟ್ಟು ಮಾಡಲಿಲ್ಲ. "ಮಾಸ್ಟ್ರೇ, ನಮ್ಮಲ್ಲಿ ಗಂಡಸು ಬಿಳಿ ಕುಪ್ಯ ತೊಡುವುದು ಎರಡು ಸಲ. ಒಂದು ಮದುಮಗ ಆದಾಗ. ಇನ್ನೊಂದು ಸಲ ಅವನೇ ಹಾಕಿಕೊಳ್ಳುವುದಿಲ್ಲ, ಬೇರೆಯವರು ಹಾಕುತ್ತಾರೆ. ಈ ಮಗುವಿಗೆ ಯಾವುದಕ್ಕೆ ಹಾಕಿಸಲಿ?" ಎಂದು ಕೇಳಿದರು.

ನನ್ನ ಬಾಯಿ ಕಟ್ಟಿಹೋಯಿತು. "ತಪ್ಪಾಯಿತು ಅಜ್ಜ, ಗೊತ್ತಿರಲಿಲ್ಲ" ಎಂದೆ. ಇತಿಹಾಸ ಓದಿ ಬಿ.ಎ. ಮಾಡಿದವನು ನಾನು, ಆದರೆ ಪಕ್ಕದ ಊರಿನ ಬಟ್ಟೆಯ ಅರ್ಥ ತಿಳಿದಿರಲಿಲ್ಲ.

ಕುಪ್ಯ ಎಂದರೆ ಮೊಣಕಾಲಿನವರೆಗೆ ಬರುವ, ಅರ್ಧ ತೋಳಿನ ಉದ್ದ ಕೋಟು. ಒಳಗೆ ತುಂಬುತೋಳಿನ ಬಿಳಿ ಅಂಗಿ ಇರಬೇಕು. ಕುಪ್ಯದ ತೋಳು ಮುಗಿದ ಕಡೆ ಅಂಗಿಯ ಬಿಳಿ ಕಾಣಬೇಕು, ಅದೇ ಅದರ ಚಂದ. ಸೊಂಟಕ್ಕೆ ಜರಿಯ ಕೆಲಸವಿರುವ ಕೆಂಪು ರೇಷ್ಮೆಯ ಚೇಲೆ. ಚೇಲೆಯ ಮುಂಭಾಗಕ್ಕೆ ಬೆಳ್ಳಿ, ಚಿನ್ನದ ಕುಸುರಿ ಇರುವ ಪೀಚೆಕತ್ತಿ ಸಿಕ್ಕಿಸುತ್ತಾರೆ. ಅಗಲವಾದ ಒಡಿಕತ್ತಿ ಬೆನ್ನ ಹಿಂದೆ. ತಲೆಗೆ ಮಂಡೆತುಣಿ. ಹಿಂದೆ ಬೇರೆ ಬಣ್ಣದ ಕುಪ್ಯಗಳೂ ಇದ್ದವು. ಈಗ ಸಾಮಾನ್ಯವಾಗಿ ಉಳಿದಿರುವುದು ಕಪ್ಪು.

ನಮ್ಮ ಬಯಲುಸೀಮೆಯಲ್ಲಿ ಮದುವೆಗೆ ಕಪ್ಪು ಬಟ್ಟೆ ಉಟ್ಟರೆ ಹಿರಿಯರು ಗದರುತ್ತಾರೆ. ಕೊಡವರ ಮದುವೆಯಲ್ಲಾದರೆ ಮದುಮಗ ಬಿಳಿ ಕುಪ್ಯದಲ್ಲಿ, ಅವನ ಸುತ್ತ ನೆಂಟರೆಲ್ಲ ಕಪ್ಪು ಕುಪ್ಯದಲ್ಲಿ. ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವ ಗೌರವ ಪಡೆದವರೂ ಹಬ್ಬದ ಉಡುಪಿನಲ್ಲೇ ಇರುತ್ತಾರೆ. ಅಷ್ಟು ಕಪ್ಪಿನ ನಡುವೆ ಒಂದೇ ಬಿಳಿ. ಇಂದು ಯಾರ ದಿನ ಎಂದು ಯಾರೂ ಹೇಳಬೇಕಾಗಿಲ್ಲ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಈ ಹಬ್ಬಗಳಲ್ಲೂ ಅದೇ ಕಪ್ಪು ಕುಪ್ಯ. ಸಾವಿನ ಮನೆಯಲ್ಲಿ ಮಾತ್ರ ಮತ್ತೆ ಬಿಳಿಯದೇ ಪಾಲು.

ಈ ಉಡುಪು ಯಾವಾಗಲೂ ಹಬ್ಬದ ಉಡುಪಾಗಿರಲಿಲ್ಲ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನಿಂದ ಕೊಡಗನ್ನು ತೆಗೆದುಕೊಂಡರು. 1854ರಲ್ಲಿ ಮಡಿಕೇರಿಯ ಹತ್ತಿರ ಯುರೋಪಿಯನ್ನರ ಕಾಫಿ ತೋಟ ಬಂತು. ಆಮೇಲೆ ಶಾಲೆ, ಕಚೇರಿ, ಪಟಾಲಮ್ಮು ಎಲ್ಲ ಬಂದವು. ದಿನನಿತ್ಯಕ್ಕೆ ಷರ್ಟು ಪ್ಯಾಂಟು ಸಾಕಾಯಿತು. ಕುಪ್ಯ ಪೆಟ್ಟಿಗೆ ಸೇರಿ, ವಿಶೇಷ ದಿನಗಳಲ್ಲಿ ಮಾತ್ರ ಹೊರಬರುವ ಬಟ್ಟೆಯಾಯಿತು. ಮಡಿಕೇರಿಯಲ್ಲಿ ಶಾಲಾ ಮುಖ್ಯಸ್ಥರಾಗಿದ್ದ ಜರ್ಮನ್ ಪಾದ್ರಿ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಬರೆದ ಕೈಪಿಡಿ ಇಂದಿಗೂ ಆ ಕಾಲದ ಜನಜೀವನ ತಿಳಿಯಲು ಉಪಯೋಗಕ್ಕೆ ಬರುತ್ತದೆ.

ಜರ್ಮನಿ ಎಂದ ಮೇಲೆ ಅಲ್ಲಿಯ ಒಂದು ಬಟ್ಟೆಯ ಕಥೆಯನ್ನೂ ಹೇಳಬೇಕು. ದಕ್ಷಿಣ ಜರ್ಮನಿ, ಆಸ್ಟ್ರಿಯಾಗಳಲ್ಲಿ ಹೆಂಗಸರು ಡಿರ್ನ್‌ಡಲ್ ಎಂಬ ಉಡುಪು ತೊಡುತ್ತಾರೆ. ಬಿಗಿ ರವಿಕೆ, ನೆರಿಗೆಯ ಲಂಗ, ಮುಂದೆ ಒಂದು ಏಪ್ರನ್. ಅದೂ ಮೊದಲು ಮನೆಗೆಲಸ, ಹೊಲಗೆಲಸದ ಹೆಣ್ಣುಮಕ್ಕಳ ಬಟ್ಟೆ. ಆಮೇಲೆ ಪಟ್ಟಣದವರ ಹಬ್ಬದ ಉಡುಪಾಯಿತು. ಕಪ್ಪು ಡಿರ್ನ್‌ಡಲ್ ಒಂದಿದ್ದರೆ ಏಪ್ರನ್ ಬದಲಿಸಿ ಚರ್ಚಿಗೂ, ಹಬ್ಬಕ್ಕೂ, ಸಾವಿನ ಮನೆಗೂ ಹೋಗಬಹುದು. ಏಪ್ರನ್ನಿನ ಗಂಟು ಬಲಕ್ಕಿದ್ದರೆ ಮದುವೆಯಾದವಳು, ಎಡಕ್ಕಿದ್ದರೆ ಆಗದವಳು ಎಂಬ ರೂಢಿ ಈಗ ಇದೆ. ಆ ಬಟ್ಟೆಯನ್ನು ಜನಪ್ರಿಯ ಮಾಡಿದವರಲ್ಲಿ ಮ್ಯೂನಿಕ್‌ನ ವಾಲಾಖ್ ಸಹೋದರರೂ ಇದ್ದರು. ಅವರು ಯಹೂದಿಗಳು. 1938ರಲ್ಲಿ ನಾಜಿ ಆಡಳಿತದ ಸಾಲ್ಜ್‌ಬರ್ಗ್‌ನಲ್ಲಿ ಯಹೂದಿಗಳು ಆ ಉಡುಪು ತೊಡಬಾರದೆಂದು ಆದೇಶವಾಯಿತು! ಬಟ್ಟೆ ಬರೀ ಬಟ್ಟೆಯಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ನಮ್ಮ ಹತ್ತಿರದಲ್ಲೂ ಬಟ್ಟೆಯ ಮಾತು ದೊಡ್ಡದಾಗಿದೆ. 2024ರ ಡಿಸೆಂಬರಿನಲ್ಲಿ ಕೊಡಗಿನ ಕಟ್ಟೆಮಾಡಿನ ದೇವಸ್ಥಾನದ ಉತ್ಸವಕ್ಕೆ ಕುಪ್ಯ ತೊಟ್ಟು ಬರುವ ವಿಷಯದಲ್ಲಿ ವಿವಾದವಾಯಿತು. 2025ರ ಫೆಬ್ರವರಿಯಲ್ಲಿ ಕೊಡವರು ‘ಕೊಡವಾಮೆ ಬಾಳೊ’ ಎಂದು ಕುಟ್ಟದಿಂದ ಮಡಿಕೇರಿಗೆ ಪಾದಯಾತ್ರೆ ಹೊರಟರು. ಯಾರು ಸರಿ, ಯಾರು ತಪ್ಪು ಎಂದು ಹೇಳಲು ನಾನು ದೊಡ್ಡವನಲ್ಲ. ಅಕ್ಕಪಕ್ಕದ ಮನೆಯವರು ಒಬ್ಬರ ಉಡುಪಿನ ಅರ್ಥವನ್ನು ಒಬ್ಬರು ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂದಷ್ಟೇ ಹೇಳಬಲ್ಲೆ.

ಈಗ ಶಿಕ್ಷಕ ಮಿತ್ರರಿಗೆ ಒಂದೆರಡು ಮಾತು. ಮಕ್ಕಳಿಗೆ ನೃತ್ಯಕ್ಕೆ, ವೇಷಭೂಷಣ ಸ್ಪರ್ಧೆಗೆ ಕಪ್ಪು ಕುಪ್ಯವನ್ನೇ ಹಾಕಿಸಿ. ದೊಡ್ಡವರ ಕುಪ್ಯ ತಂದರೆ ಮಗುವಿನ ಕಾಲಿಗೆ ತೊಡರುತ್ತದೆ, ಮೊಣಕಾಲಿಗೆ ಸರಿಯಾಗಿ ಮಡಿಸಿ ಹೊಲಿಯಿರಿ. ಪೀಚೆಕತ್ತಿಯನ್ನು ರಟ್ಟಿನಲ್ಲಿ ಮಾಡಿದರೆ ಸಾಕು. ಚೇಲೆ ಕಟ್ಟುವುದನ್ನು ಮಾತ್ರ ಮನೆಯ ಹಿರಿಯರಿಂದಲೇ ಕಟ್ಟಿಸಿ. ಆ ನೆಪದಲ್ಲಿ ಅವರು ಶಾಲೆಗೆ ಬರುತ್ತಾರೆ, ಮಕ್ಕಳಿಗೆ ನಾಲ್ಕು ಮಾತು ಹೇಳುತ್ತಾರೆ.

ಆ ವಾರ್ಷಿಕೋತ್ಸವದ ದಿನ ನಮ್ಮ ಮಕ್ಕಳೆಲ್ಲ ಕಪ್ಪು ಕುಪ್ಯದಲ್ಲೇ ಕುಣಿದರು. ಎಲ್ಲರ ಚೇಲೆ ಕಟ್ಟಿದವರು ಅದೇ ಅಜ್ಜ. ಪರದೆಯನ್ನು ನಾವು ಹಳದಿಗೆ ಬದಲಾಯಿಸಿದ್ದೆವು. ಬದಲಾಗಬೇಕಾದದ್ದು ಪರದೆಯೇ ಹೊರತು ಕುಪ್ಯವಲ್ಲ, ಅಲ್ಲವೇ?

ನಿಮ್ಮ ಊರಲ್ಲಿ ಯಾವ ಬಣ್ಣ ಯಾವ ದಿನಕ್ಕೆ? ಮನೆಯ ಹಿರಿಯರನ್ನು ಕೇಳಿ, ನನಗೂ ತಿಳಿಸಿ.