ಯಂತ್ರ ಹೋದ ಮೇಲೂ ಉಳಿದ ಕೋಡ್

ಹೈದರಾಬಾದಿನ ಎ.ಎಸ್. ರಾವ್ ನಗರದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ರಾಯಚೂರು ಕಡೆಯ ಕಾಕಾ ಒಬ್ಬರಿದ್ದಾರೆ. ಎಪ್ಪತ್ತರ ದಶಕದಲ್ಲಿ ಒಂದು ಪ್ರಯೋಗಾಲಯದ ಟಿಡಿಸಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದವರು. ಅವೆಲ್ಲ ಈಗ ಎಲ್ಲಿವೆ ಎಂದು ಒಮ್ಮೆ ಕೇಳಿದೆ. 'ಮಷೀನ್ ಹೋತು ತಮ್ಮಾ, ಅದರ ಸಂಗಡ ಅವೂ ಹೋದವು' ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ನಲ್ಲಿರುವ ಹಳೆಯ ಅಸೆಂಬ್ಲಿ ಕೋಡನ್ನು ಸಿ ಭಾಷೆಯಲ್ಲಿ ಮತ್ತೆ ಬರೆಯುವುದೇ ನನ್ನ ಹೊಟ್ಟೆಪಾಡು.

ನಮ್ಮ ಬಡಾವಣೆಯ ಹೆಸರು 1967ರಲ್ಲಿ ಶುರುವಾದ ಇಸಿಐಎಲ್‌ನ ಸ್ಥಾಪಕರದು. ಟಿಡಿಸಿ ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಇಸಿಐಎಲ್‌ನ ಟಿಡಿಸಿ-12 ಬಂದದ್ದು 1969ರಲ್ಲಿ. ಅದೇ ವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಯಂತ್ರದ ಅಸೆಂಬ್ಲಿಯಲ್ಲಿ ಯುನಿಕ್ಸ್ ಬರೆಯುತ್ತಿದ್ದರು. ಅಸೆಂಬ್ಲಿ ಎಂದರೆ ಆಯಾ ಯಂತ್ರದ ಆಡುನುಡಿ. ಪಕ್ಕದ ಯಂತ್ರಕ್ಕೆ ಅದು ಅರ್ಥವಾಗದು. ಹಾಗಾಗಿ ಪಿಡಿಪಿ-11 ಬಂದಾಗ ಯುನಿಕ್ಸನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಮೇಲುಸ್ತರದ ಭಾಷೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಬರೆಯುವುದು ಹೊಸ ಯೋಚನೆಯೇನಲ್ಲ. ಅವರೇ ಹಿಂದೆ ದುಡಿದಿದ್ದ ಮಲ್ಟಿಕ್ಸ್ ಬಹುಪಾಲು ಪಿಎಲ್/1ರಲ್ಲಿತ್ತು. 1972ರಲ್ಲಿ ಥಾಂಪ್ಸನ್ ಕರ್ನಲನ್ನು ಸಿಯಲ್ಲಿ ಬರೆಯಲು ಹೊರಟು ಕೈಬಿಟ್ಟರು. ಆಗಿನ್ನೂ ಸಿಯಲ್ಲಿ ಸ್ಟ್ರಕ್ಚರ್ ಇರಲಿಲ್ಲ. ಒಂದು ಮನೆಯ ಹೆಸರು, ವಿಳಾಸ, ಸದಸ್ಯರೆಲ್ಲ ಒಂದೇ ರೇಷನ್ ಕಾರ್ಡಿನಲ್ಲಿರುವಂತೆ, ಒಂದು ಪ್ರೋಗ್ರಾಮಿನ ಹತ್ತಾರು ವಿವರಗಳನ್ನು ಒಂದೇ ಹೆಸರಿನಡಿ ಕಟ್ಟಿಡುವ ವ್ಯವಸ್ಥೆ ಅದು. ಡೆನ್ನಿಸ್ ರಿಚಿ ಅದನ್ನು ಭಾಷೆಗೆ ಸೇರಿಸಿದರು. 1973ರ ಬೇಸಿಗೆಯಲ್ಲಿ ಇಬ್ಬರೂ ಕೂತು ಕರ್ನಲನ್ನು ಸಿಗೆ ತಂದರು.

ಅದಕ್ಕೆ ಬೆಲೆಯೂ ತೆರಬೇಕಾಯಿತು. ಹೊಸ ಯುನಿಕ್ಸ್ ಹಳೆಯದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಯಿತು. ಸ್ಮರಣೆ ಅಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದು ಓದಲು, ತಿದ್ದಲು ಸುಲಭವಾಯಿತು. 1977ರ ಹೊತ್ತಿಗೆ ಆಸ್ಟ್ರೇಲಿಯದ ವುಲಾಂಗಾಂಗ್‌ನಲ್ಲೂ ಬೆಲ್ ಲ್ಯಾಬ್ಸ್‌ನಲ್ಲೂ ಅದನ್ನು ತೀರಾ ಬೇರೆ ಜಾತಿಯ ಇಂಟರ್‌ಡೇಟಾ ಯಂತ್ರಗಳಿಗೆ ಸಾಗಿಸುವ ಕೆಲಸ ನಡೆದಿತ್ತು. ಹುಟ್ಟಿದ ಯಂತ್ರವನ್ನು ಬಿಟ್ಟೂ ಕೋಡ್ ಬದುಕಬಲ್ಲದು ಎಂಬುದು ಖಾತ್ರಿಯಾಯಿತು.

ಆದರೂ ಎಲ್ಲವೂ ಸಿಯಾಗಲಿಲ್ಲ. 1978ರಲ್ಲಿ ಥಾಂಪ್ಸನ್ ಕೊಟ್ಟ ಲೆಕ್ಕದಂತೆ, ಸುಮಾರು 10,000 ಸಾಲು ಸಿ, 1,000 ಸಾಲು ಅಸೆಂಬ್ಲಿ. ಅದರಲ್ಲಿ 200 ಸಾಲು ವೇಗಕ್ಕಾಗಿ. ಉಳಿದ 800 ಸಾಲು ಸಿಯಲ್ಲಿ ಹೇಳಲು ಬಾರದ ಯಂತ್ರದ ಕೆಲಸ.

ನನಗೂ ಹಾಗೇ ಆಯಿತು. ತಿಂಗಳುಗಟ್ಟಲೆ ಕೆಲಸದ ನಂತರವೂ ಇಂಟರಪ್ಟ್ ಬಂದೊಡನೆ ರಿಜಿಸ್ಟರುಗಳನ್ನು ಕಾಪಿಡುವ ಕೆಲವು ಸಾಲು ಅಸೆಂಬ್ಲಿಯಲ್ಲೇ ಉಳಿದವು. ಅಂಥ ಸಾಲು ಹೇಗಿರುತ್ತವೆಂದು ಒಂದು ಹಾಳೆಯಲ್ಲಿ ಬರೆದು ಕಾಕಾಗೆ ತೋರಿಸಿದೆ. ಈ ಪ್ರೊಸೆಸರನ್ನು ಅವರು ಕಂಡವರಲ್ಲ. ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದಿದರು.

'ಇದು ತಿಳೀತದ. ಆದ್ರ ಹಿಂಗ ಯಾಕ ಮಾಡೀ ಅಂತ ಬಾಜೂಕ ಬರದಿಡು. ನಾವು ಬರೀಲಿಲ್ಲ.'

ಮರುದಿನ ಆಫೀಸಿನಲ್ಲಿ ಮೊದಲು ಅದನ್ನೇ ಬರೆದೆ.