ನೀರು ತಂಪಿನ ಕಂಪ್ಯೂಟರು: ಕೊಳವೆಯ ಅಳತೆ ಬದಲಾದ ಬಗೆ

ಮನೆಯಲ್ಲಿ ಜೋಡಿಸಿದ ಕಂಪ್ಯೂಟರನ್ನು ನೀರಿನಿಂದ ತಂಪಾಗಿಡುವ ಹವ್ಯಾಸ 1990ರ ದಶಕದ ಕೊನೆಯಲ್ಲಿ ಅಮೆರಿಕ, ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಬೇರೂರಿತು. 1998ರಲ್ಲಿ ಇಂಟೆಲ್ ಹೊರತಂದ ಸೆಲೆರಾನ್ 300ಎ ಚಿಪ್ಪನ್ನು 300ರ ಬದಲು 450 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಬಹುದೆಂದು ತಿಳಿದಾಗ ಹವ್ಯಾಸಿಗಳ ಆಸೆ ಗರಿಗೆದರಿತು. ವೇಗದೊಂದಿಗೆ ಶಾಖವೂ ಏರಿತು. ಎರಡು ವರ್ಷದ ನಂತರ ಬಂದ ಎಎಂಡಿಯ ಅಥ್ಲಾನ್ ಥಂಡರ್‌ಬರ್ಡ್ ಸರಣಿಯ 1.4 ಗಿಗಾಹರ್ಟ್ಸ್ ಚಿಪ್ಪು 70 ವ್ಯಾಟಿಗೂ ಹೆಚ್ಚು ಶಾಖ ಕಾರುತ್ತಿತ್ತು. ಅದನ್ನು ಗಾಳಿಯಿಂದಲೇ ಆರಿಸಲು ಹೊರಟರೆ ಪುಟ್ಟ ಫ್ಯಾನಿನ ಚೀರಾಟ ಸಹಿಸಬೇಕಿತ್ತು. ಚಿಪ್ಪಿನ ಮೇಲೊಂದು ತಾಮ್ರದ ಬ್ಲಾಕ್, ಶಾಖ ಹೊರಹಾಕಲು ರೇಡಿಯೇಟರ್, ನೀರು ತಳ್ಳಲು ಪಂಪು, ಇವನ್ನೆಲ್ಲ ಸುತ್ತಿ ಬರುವ ಕೊಳವೆ: ವ್ಯವಸ್ಥೆ ಇಷ್ಟೇ.

ಇದರಲ್ಲಿ ಕಂಪ್ಯೂಟರಿಗೆಂದೇ ತಯಾರಾದ ಬಿಡಿಭಾಗ ಆರಂಭದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಪಂಪು ಮೀನಿನ ತೊಟ್ಟಿಯದು. ಜರ್ಮನಿಯ ಏಹೈಮ್ ಕಂಪನಿಯ ಪಂಪುಗಳಿಗೆ ಒಳ್ಳೆಯ ಹೆಸರಿತ್ತು. ರೇಡಿಯೇಟರ್ ಆಗಿ ಹಳೆಯ ಕಾರುಗಳ ಹೀಟರ್ ಕೋರ್ (ಕಾರಿನೊಳಗೆ ಬೆಚ್ಚಗಿಡುವ ಪುಟ್ಟ ರೇಡಿಯೇಟರ್) ಬಳಸುತ್ತಿದ್ದರು. ಷೆವರ್ಲೆ ಷೆವೆಟ್ ಕಾರಿನದಕ್ಕೆ ಬೇಡಿಕೆ ಹೆಚ್ಚು. ಕೊಳವೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪಿವಿಸಿ. ಹೀಗಾಗಿ ಕೊಳವೆಯ ಅಳತೆಯನ್ನು ಮೊದಲು ಗೊತ್ತುಮಾಡಿದ್ದು ಅಂಗಡಿಯ ದಾಸ್ತಾನು. ಅಮೆರಿಕದಲ್ಲಿ ಒಳವ್ಯಾಸ ಕಾಲು ಇಂಚು, 3/8 ಇಂಚು, ಅರ್ಧ ಇಂಚಿನವು ಸಿಗುತ್ತಿದ್ದವು. ಜರ್ಮನಿಯಲ್ಲಿ ಗಾಳಿಯೊತ್ತಡದ ಯಂತ್ರಗಳಿಗೆ ಹಾಕುವಂಥ, ಹೊರಗೆ 8 ಮತ್ತು ಒಳಗೆ 6 ಮಿಲಿಮೀಟರಿನ ಸಣ್ಣ ಕೊಳವೆ ಹಾಗೂ ಒತ್ತಿದರೆ ಕೂರುವ ಜೋಡಣೆಗಳು ರೂಢಿಗೆ ಬಂದವು.

ಅಮೆರಿಕದ ಹವ್ಯಾಸಿಗಳು ಅರ್ಧ ಇಂಚಿಗೆ ಪಟ್ಟುಹಿಡಿದದ್ದಕ್ಕೆ ಗಟ್ಟಿ ಕಾರಣವಿತ್ತು. ಸುಳಿಗಟ್ಟಿ ಹರಿಯುವ ನೀರಿನ ಒತ್ತಡ ನಷ್ಟ, ಹರಿವು ಅಷ್ಟೇ ಇದ್ದರೆ, ಕೊಳವೆಯ ವ್ಯಾಸ ಅರ್ಧವಾದಾಗ ಇಪ್ಪತ್ತೈದು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಅಡಿಕೆ ತೋಟಕ್ಕೆ ಸಣ್ಣ ಪೈಪು ಎಳೆಸಿ ಕೊನೆಯ ಸಾಲಿಗೆ ನೀರು ಮುಟ್ಟದ ಕಷ್ಟ ಕಂಡವರಿಗೆ ಇದು ಹೊಸದಲ್ಲ. ನಿಮಿಷಕ್ಕೆ ಸುಮಾರು 4 ಲೀಟರ್ ಹರಿಸಿದರೆ ಅರ್ಧ ಇಂಚಿನ ಒಂದು ಮೀಟರ್ ಕೊಳವೆಯಲ್ಲಿ ನಷ್ಟವಾಗುವುದು ಕೇವಲ 3-4 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ. 3/8 ಇಂಚಿನಲ್ಲಿ ಅದು ಸುಮಾರು 14, ಕಾಲು ಇಂಚಿನಲ್ಲಿ ಒಂದು ಮೀಟರಿನ ಹತ್ತಿರ. ಏಹೈಮ್ 1048 ಪಂಪು ನೀರನ್ನು ಎತ್ತಬಲ್ಲ ಗರಿಷ್ಠ ಎತ್ತರವೇ ಒಂದೂವರೆ ಮೀಟರ್. ಅದರ ಶಕ್ತಿಯೆಲ್ಲ ಸಣ್ಣ ಕೊಳವೆಗೇ ಸೋರಿಹೋದರೆ ಬ್ಲಾಕಿಗೆ ಉಳಿಯುವುದೇನು? ದಪ್ಪ ಕೊಳವೆಯ ಪಕ್ಷ ವಹಿಸಿದವರ ಲೆಕ್ಕ ಅಂದಿನ ಪಂಪಿಗೆ ಸರಿಯಾಗಿಯೇ ಇತ್ತು.

ಆದರೆ ದಪ್ಪ ಕೊಳವೆ ಪೆಟ್ಟಿಗೆಯೊಳಗೆ ಬಾಗುವುದಿಲ್ಲ. ಒಳಗೆ ಅರ್ಧ, ಹೊರಗೆ 5/8 ಇಂಚಿನ ತೆಳುಗೋಡೆಯ ಕೊಳವೆ ತಿರುವಿನಲ್ಲಿ ಮಡಚಿಕೊಂಡು ಹರಿವನ್ನೇ ಕಟ್ಟುತ್ತಿತ್ತು. ಅದಕ್ಕಾಗಿ ಹೊರಗೆ ಸ್ಪ್ರಿಂಗ್ ಸುತ್ತುವ ಉಪಾಯವೂ ಬಳಕೆಗೆ ಬಂತು. ಮುಕ್ಕಾಲು ಇಂಚಿನ ಹೊರವ್ಯಾಸದ್ದು ಮಡಚದಿದ್ದರೂ ಜಾಗ ನುಂಗುತ್ತಿತ್ತು. ಈ ಇಕ್ಕಟ್ಟಿನಿಂದ ಹುಟ್ಟಿದ್ದೇ 7/16 ಇಂಚಿನ ಪ್ರಯೋಗ, ಈ ಇತಿಹಾಸದ ಅತ್ಯಂತ ಜಾಣ ಹೆಜ್ಜೆ. ಒಳಗೆ 7/16, ಹೊರಗೆ 5/8 ಇಂಚಿನ ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಿಡಿಭಾಗಗಳ ಅರ್ಧ ಇಂಚಿನ ಮುಳ್ಳುತುದಿಗೆ, ಅಂದರೆ ಕೊಳವೆ ಕಚ್ಚಿಕೊಳ್ಳುವ ಏಣುಳ್ಳ ಮೂತಿಗೆ, ಎಳೆದು ತೊಡಿಸುತ್ತಿದ್ದರು. ತಣಿದ ಮೇಲೆ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ಗೋಡೆ ಕೊಂಚ ದಪ್ಪವಾದ್ದರಿಂದ ತಿರುವೂ ಸಲೀಸು. ಹರಿವಿನಲ್ಲಿ ಆದ ಇಳಿಕೆ ಲೆಕ್ಕಕ್ಕೆ ಬರುವಂಥದ್ದಲ್ಲ.

ಅಷ್ಟರಲ್ಲಿ ಪಂಪು ಬದಲಾಗಿತ್ತು. ಲೈಂಗ್ ಕಂಪನಿಯ 12 ವೋಲ್ಟಿನ ಡಿ5 ಮತ್ತು ಡಿಡಿಸಿ ಪಂಪುಗಳು ನೀರನ್ನು ಮೂರು ಮೀಟರಿಗೂ ಮೇಲೆ ತಳ್ಳಬಲ್ಲವಾಗಿದ್ದವು. ಬ್ಲಾಕುಗಳ ಒಳಗೆ ಕೂದಲೆಳೆಯ ಅಂತರದ ತಾಮ್ರದ ರೆಕ್ಕೆಗಳು ಬಂದು, ಹರಿವಿಗೆ ಮುಖ್ಯ ತಡೆ ಅಲ್ಲಿಗೆ ಸರಿಯಿತು. ಬಿಡಿಭಾಗಗಳೆಲ್ಲ ಜಿ 1/4 ಎಂಬ ಒಂದೇ ಅಳತೆಯ ತಿರುಪಿಗೆ ಒಗ್ಗಿದವು. ಆ ತಿರುಪಿನ ಹೊರವ್ಯಾಸವೇ ಸುಮಾರು 13 ಮಿಲಿಮೀಟರ್. ಅದರೊಳಗೆ ಕೂರುವ ಜೋಡಣೆಯ ರಂಧ್ರ ಇನ್ನೂ ಕಿರಿದಾದ್ದರಿಂದ ಅರ್ಧ ಇಂಚಿನ ಕೊಳವೆಯ ಲಾಭ ಪ್ರತಿ ಜೋಡಣೆಯಲ್ಲೂ ಕುಗ್ಗಿತು. ಇನ್ನೊಂದು ಲೆಕ್ಕವೂ ಮನವರಿಕೆಯಾಯಿತು: ನಿಮಿಷಕ್ಕೆ 4 ಲೀಟರ್ ಹರಿಯುವ ನೀರು 100 ವ್ಯಾಟ್ ಶಾಖ ಹೊತ್ತರೆ ಅದರ ಉಷ್ಣತೆ ಏರುವುದು ಅರ್ಧ ಡಿಗ್ರಿಗೂ ಕಡಿಮೆ. ಹರಿವು ಅರ್ಧಕ್ಕಿಳಿದರೂ ಈ ಏರಿಕೆ ಒಂದು ಡಿಗ್ರಿ ಮುಟ್ಟದು.

ಹೀಗೆ 3/8 ಇಂಚು ಮತ್ತು ಅದರ ಮೆಟ್ರಿಕ್ ನೆರೆಯವನಾದ 10 ಮಿಲಿಮೀಟರ್ ಮತ್ತೆ ಮುನ್ನೆಲೆಗೆ ಬಂದವು. 2010ರ ದಶಕದಲ್ಲಿ ಅಕ್ರಿಲಿಕ್ ಹಾಗೂ ಪಿಇಟಿಜಿ ಪ್ಲಾಸ್ಟಿಕ್ಕಿನ ಗಡಸು ಕೊಳವೆಗಳು ಹರಡಿದಾಗ ಅವನ್ನು ಹೊರವ್ಯಾಸದಿಂದ ಗುರುತಿಸತೊಡಗಿದರು: 12, 14, 16 ಮಿಲಿಮೀಟರ್. ಬಿಸಿಗಾಳಿಯಲ್ಲಿ ಕಾಯಿಸಿ, ಒಳಗೆ ಸಿಲಿಕೋನ್ ಹಗ್ಗ ತೂರಿಸಿ ಬಾಗಿಸುವ ಈ ಕೊಳವೆಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಪೆಟ್ಟಿಗೆಯ ಗಾತ್ರ ಮತ್ತು ನೋಟ ತೀರ್ಮಾನಿಸುತ್ತವೆ. ತಂಪಿನಲ್ಲಿ ಇವುಗಳ ನಡುವಿನ ವ್ಯತ್ಯಾಸ ಅತ್ಯಲ್ಪ.