ಮಮ್ಮಿಯ ಕೂದಲಿನಲ್ಲಿ ಕೊಕೇನ್

1992ರಲ್ಲಿ ಸ್ವೆಟ್ಲಾನಾ ಬಾಲಬಾನೋವಾ ಮತ್ತು ಸಹೋದ್ಯೋಗಿಗಳು ಜರ್ಮನಿಯ ಮ್ಯೂನಿಕ್ ಸಂಗ್ರಹದ ಒಂಬತ್ತು ಈಜಿಪ್ಟ್ ಮಮ್ಮಿಗಳನ್ನು ಪರೀಕ್ಷಿಸಿ ಕಿರುವರದಿಯೊಂದನ್ನು ಪ್ರಕಟಿಸಿದರು. ಕೂದಲು, ಮೂಳೆ, ಅಂಗಾಂಶಗಳಲ್ಲಿ ಹಶೀಶ್, ನಿಕೋಟಿನ್ ಮತ್ತು ಕೊಕೇನ್ ಕಂಡುಬಂದವೆಂಬುದು ಅದರ ಸಾರ. ಹಶೀಶಿನ ಮೂಲವಾದ ಗಾಂಜಾಗಿಡ ಹಳೆಯ ಜಗತ್ತಿನದೇ. ಆದರೆ ಹೊಗೆಸೊಪ್ಪು ಮತ್ತು ಕೋಕಾ ಅಮೆರಿಕದ ಸಸ್ಯಗಳು. ಕೊಲಂಬಸನಿಗಿಂತ ಸುಮಾರು ಎರಡೂವರೆ ಸಾವಿರ ವರ್ಷ ಮೊದಲು ಬಾಳಿದ ಹೆನುತ್ ತಾವಿಯಂಥವರ ದೇಹಕ್ಕೆ ಅವು ಸೇರಿದ್ದು ಹೇಗೆ?

ನೌಕಾಯಾನದ ಊಹೆಗಳು ಬೇಗನೆ ಹುಟ್ಟಿದವು; ಆಕ್ಷೇಪಗಳೂ ಹುಟ್ಟಿದವು. ನಿಕೋಟಿನ್ ಹಳೆಯ ಜಗತ್ತಿನ ಕೆಲವು ಸಸ್ಯಗಳಲ್ಲೂ ಅಲ್ಪಪ್ರಮಾಣದಲ್ಲಿದೆ. ನಮ್ಮ ಬದನೆಕಾಯಿಯೂ ಅವುಗಳಲ್ಲೊಂದು. 1976ರಲ್ಲಿ ಪ್ಯಾರಿಸ್ಸಿಗೆ ಚಿಕಿತ್ಸೆಗೆಂದು ಒಯ್ದ ಎರಡನೆಯ ರಾಮ್ಸೆಸನ ಮಮ್ಮಿಯಲ್ಲಿ ಹೊಗೆಸೊಪ್ಪಿನ ತುಣುಕುಗಳೇ ಸಿಕ್ಕಿದ್ದವು. ಆದರೆ ಆ ಮಮ್ಮಿಯ ಬಟ್ಟೆಯನ್ನು 1886ರಲ್ಲೇ ಬಿಚ್ಚಲಾಗಿತ್ತು. ಹೊಗೆಸೊಪ್ಪು ಅಂದಿನ ಬಳಕೆಯ ಕೀಟನಾಶಕವಾಗಿದ್ದುದರಿಂದ, ಆ ತುಣುಕುಗಳು ಸಂರಕ್ಷಣೆಯ ಕಾಲದವೆಂದು ಬಕ್‌ಲ್ಯಾಂಡ್ ಮತ್ತು ಪನಾಗಿಯೋಟಕೊಪುಲು 2001ರಲ್ಲಿ ವಾದಿಸಿದರು.

ಕೊಕೇನಿನ ಒಗಟು ಇಷ್ಟು ಸುಲಭವಲ್ಲ. ಕೂದಲನ್ನು ತೊಳೆದು, ಆ ತೊಳೆದ ದ್ರವವನ್ನೂ ಪರೀಕ್ಷಿಸಿದ್ದೇವೆ, ಆದ್ದರಿಂದ ಇದು ಹೊರಗಿನ ಸೋಂಕಲ್ಲ ಎಂಬುದು ಬಾಲಬಾನೋವಾ ಅವರ ಉತ್ತರ. ಆದರೆ ಮ್ಯಾಂಚೆಸ್ಟರಿನ ರೊಸಾಲಿ ಡೇವಿಡ್ ತಮ್ಮ ಸಂಗ್ರಹದ ಮಮ್ಮಿಗಳನ್ನು ಪರೀಕ್ಷೆಗೆ ಒಡ್ಡಿದಾಗ ಕೆಲವುಗಳಲ್ಲಿ ನಿಕೋಟಿನ್ ಕಂಡಿತೇ ಹೊರತು ಕೊಕೇನ್ ಕಾಣಲಿಲ್ಲ.

ಕನ್ನಡಿಗರಿಗೆ ಈ ವಾದದ ಧಾಟಿ ಹೊಸದಲ್ಲ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಅಮೆರಿಕದ ಮೆಕ್ಕೆಜೋಳದ ತೆನೆ ಎಂದು 1989ರಲ್ಲಿ ಯೊಹಾನೆಸ್ಸೆನ್ ಮತ್ತು ಪಾರ್ಕರ್ ಬರೆದರು. ಅದು ತೆನೆಯಲ್ಲ, ಮುತ್ತು ಹುದುಗಿಸಿದ ಮುಕ್ತಾಫಲವೆಂದು 1993ರಲ್ಲಿ ಪಾಯಕ್ ಮತ್ತು ಸಚಾನ್ ಉತ್ತರಿಸಿದರು. ನಮ್ಮ ಗುಡಿಯ ಕಲ್ಲು ಜಗತ್ತಿನ ಇತಿಹಾಸವನ್ನೇ ತಿದ್ದುವುದೆಂದರೆ ಹೆಮ್ಮೆಯೆನಿಸುವುದು ಸಹಜ. ಆದರೆ ಹೆಮ್ಮೆ ಪುರಾವೆಯಾಗಲಾರದು.

ಸಮುದ್ರ ದಾಟಿದ ಸಂಪರ್ಕ ಅಸಾಧ್ಯವೇನಲ್ಲ. ಕೊಲಂಬಸನಿಗಿಂತ ಮೊದಲೇ ನಾರ್ಸ್ ನಾವಿಕರು ಉತ್ತರ ಅಮೆರಿಕವನ್ನು ಮುಟ್ಟಿದ್ದನ್ನು ನಾವು ಒಪ್ಪುತ್ತೇವೆ. ಏಕೆಂದರೆ ನ್ಯೂಫೌಂಡ್‌ಲ್ಯಾಂಡಿನ ಲಾನ್ಸೊ ಮೆಡೋಸಿನಲ್ಲಿ ಅವರ ಮನೆಗಳ ಅಡಿಪಾಯ, ಕಬ್ಬಿಣದ ಕೆಲಸದ ಕುರುಹುಗಳು ಮಣ್ಣಿನಲ್ಲೇ ಸಿಕ್ಕವು. ಕೋಕಾ ವ್ಯಾಪಾರಕ್ಕೆ ಈಜಿಪ್ಟಿನಲ್ಲಿ ಅಂಥ ಕುರುಹು ಬೇಕು: ಅಗೆತದಲ್ಲಿ ದೊರೆತ ಎಲೆ, ಬೀಜ, ಇಲ್ಲವೇ ಹಡಗಿನ ಸರಕು. ಅದು ಸಿಗುವವರೆಗೆ ಮ್ಯೂನಿಕ್ಕಿನ ವರದಿಯನ್ನು ತಳ್ಳಿಹಾಕದೆ, ಅದರ ಮೇಲೆ ಸಾಗರಯಾನದ ಕಥೆಯನ್ನೂ ಕಟ್ಟದೆ, ಮರುಪರೀಕ್ಷೆಗೆ ಕಾದಿರುವ ಪ್ರಶ್ನೆಯಾಗಿಯೇ ಇಟ್ಟುಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.